ಕೀಲುವಾತದ ಬ್ಲಡ್ ರಿಪೋರ್ಟ್: ಡಾಕ್ಟರನ್ನು ಕೇಳಿ

ತುಮಕೂರಿನ ಸದಸ್ಯ: ಮೇಡಂ, ಅಮ್ಮನಿಗೆ 64 ವರ್ಷ, ರುಮಟಾಯ್ಡ್ ಕೀಲುವಾತ ಇದೆ. ಇಎಸ್‌ಆರ್ 46, ಸಿಆರ್‌ಪಿ ನಾರ್ಮಲ್, ಹಿಮೋಗ್ಲೋಬಿನ್ 9. ಕಾಯಿಲೆ ಜಾಸ್ತಿ ಆಯ್ತಾ?

ಡಾಕ್ಟರ್: ಇಎಸ್‌ಆರ್, ಸಿಆರ್‌ಪಿ ಎರಡೂ ಮೈಯಲ್ಲಿ ಉರಿಯೂತ ಇದೆಯಾ ಅಂತ ತೋರಿಸೋ ಟೆಸ್ಟ್. ವಯಸ್ಸಾದ ಹಾಗೆ ಇಎಸ್‌ಆರ್ ಏರುತ್ತದೆ. ಹೆಂಗಸರಿಗೆ ವಯಸ್ಸಿಗೆ 10 ಸೇರಿಸಿ ಅರ್ಧ ಮಾಡಿ. ಅಮ್ಮನಿಗೆ 37ರವರೆಗೆ ಸರಿ. ರಕ್ತ ಕಡಿಮೆ ಇದ್ದರೆ ಇನ್ನೂ ಏರುತ್ತದೆ, ಅದಕ್ಕೆ ಕಾರಣ ನೋಡಿಸಿ. ಮಣಿಕಟ್ಟು ಊದಿದೆಯಾ? ಬೆಳಗ್ಗೆ ಎದ್ದ ಮೇಲೆ ಮುಷ್ಟಿ ಕಟ್ಟೋಕೆ ಎಷ್ಟು ಹೊತ್ತು ಬೇಕು? ಅದನ್ನು ಬರೆಯಿರಿ.

ದಾವಣಗೆರೆಯ ಸದಸ್ಯೆ: ಆರ್‌ಎ ಫ್ಯಾಕ್ಟರ್ 120 ಇತ್ತು, ಈಗ 110. ಗುಣ ಆಗ್ತಿದೆಯಾ?

ಡಾಕ್ಟರ್: ಅದರಿಂದ ಗೊತ್ತಾಗಲ್ಲ. ಅದು ಕಾಯಿಲೆ ಗುರುತಿಸೋಕೆ ಮಾಡೋ ಟೆಸ್ಟ್. ಪದೇ ಪದೇ ಮಾಡಿಸಬೇಡಿ.

ಶಿರಸಿಯ ಸದಸ್ಯ: ಅಮೃತಬಳ್ಳಿ ಕಷಾಯ ಕುಡಿದು ಮೆಥೊಟ್ರೆಕ್ಸೇಟ್ ಬಿಡಿ, ಸಿಆರ್‌ಪಿ ಸೊನ್ನೆಗೆ ಬರುತ್ತೆ ಅಂತ ಫಾರ್ವರ್ಡ್ ಬಂದಿದೆ.

ಡಾಕ್ಟರ್: ಮೆಥೊಟ್ರೆಕ್ಸೇಟ್ ಕೀಲುವಾತವನ್ನು ಹತೋಟಿಯಲ್ಲಿಡೋ ಮಾತ್ರೆ, ಬಿಡಬೇಡಿ. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಕೇಸ್‌ಗಳನ್ನು ಮುಂಬೈ ವೈದ್ಯರು 2021ರಲ್ಲಿ ಪ್ರಕಟಿಸಿದ್ದಾರೆ. ಇಂಥದ್ದನ್ನು ಇಲ್ಲಿ ಹಾಕಬೇಡಿ.

ಬೆಳಗಾವಿಯ ಸದಸ್ಯ: ಯೂರಿಕ್ ಆಸಿಡ್ 7.4, ನೋವಿಲ್ಲ. ಔಷಧಿ ಬೇಕಾ?

ಮಂಡ್ಯದ ಸದಸ್ಯ: ಹೆಂಡತಿಗೆ ಕೀಲುವಾತಕ್ಕೆ ಟೊಸಿಲಿಜುಮ್ಯಾಬ್ ಇಂಜೆಕ್ಷನ್ ನಡೀತಿದೆ. ಮೂರು ದಿನದಿಂದ ಸಣ್ಣ ಜ್ವರ, ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಸಿಆರ್‌ಪಿ 1 ಇದೆ, ಲ್ಯಾಬಿನವರು ಇನ್ಫೆಕ್ಷನ್ ಇಲ್ಲ ಅಂದರು. ನಾಳಿದ್ದು ಮುಂದಿನ ಡೋಸ್.

ಡಾಕ್ಟರ್: ಮಂಡ್ಯದವರೇ, ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಲಿವರ್ ಸಿಆರ್‌ಪಿ ತಯಾರಿಸೋದು ಐಎಲ್-6 ಅನ್ನೋ ಉರಿಯೂತದ ಸಂಕೇತ ಬಂದಾಗ, ಈ ಇಂಜೆಕ್ಷನ್ ತಡೆಯೋದು ಅದೇ ಐಎಲ್-6 ಕೆಲಸವನ್ನು, ಹಾಗಾಗಿ ಎದೆಯಲ್ಲಿ ನ್ಯುಮೋನಿಯಾ ಇದ್ದರೂ ಸಿಆರ್‌ಪಿ ಏರದೆ ಇರಬಹುದು, ಜ್ವರವೂ ಜೋರಾಗಿ ಕಾಣದೆ ಇರಬಹುದು. ಆ 1 ನೋಡಿ ಧೈರ್ಯ ತಂದುಕೊಳ್ಳಬೇಡಿ. ಆಕ್ಸಿಜನ್, ಎದೆ ಎಕ್ಸ್‌ರೇ, ಬಿಳಿ ರಕ್ತಕಣ ನೋಡಿಸಲೇಬೇಕು. ಡ್ಯೂಟಿ ಡಾಕ್ಟರ್‌ಗೆ ಮೊದಲು ಇಂಜೆಕ್ಷನ್ ಹೆಸರು ಹೇಳಿ, ಚೀಟಿ ತೋರಿಸಿ, ಇಲ್ಲದಿದ್ದರೆ ಅವರೂ ಸಿಆರ್‌ಪಿ ನೋಡಿ ಮನೆಗೆ ಕಳಿಸಬಹುದು. ನಿಮ್ಮ ರುಮಟಾಲಜಿಸ್ಟ್ ಹೇಳುವವರೆಗೆ ಮುಂದಿನ ಡೋಸ್ ಬೇಡ.

ಶಿರಸಿಯ ಸದಸ್ಯ: ಅಲ್ಲಿವರೆಗೆ ಕಷಾಯ ಕೊಡಿ, ಕಫ ಇಳಿಯುತ್ತೆ.

ತುಮಕೂರಿನ ಸದಸ್ಯ: ಸುಮ್ನಿರಿ ಸ್ವಾಮಿ, ಅವರಿಗೆ ಉಸಿರಾಡೋಕೆ ಆಗ್ತಿಲ್ಲ.

ಶಿರಸಿಯ ಸದಸ್ಯ: ನಮ್ಮಜ್ಜಿ 90 ವರ್ಷ ಕಷಾಯದಲ್ಲೇ ಬದುಕಿದ್ದು. ನಿಮಗೇನು ಗೊತ್ತು?

ತುಮಕೂರಿನ ಸದಸ್ಯ: ಅಜ್ಜಿಗೆ ಟೊಸಿಲಿಜುಮ್ಯಾಬ್ ಹಾಕಿದ್ರಾ?

ದಾವಣಗೆರೆಯ ಸದಸ್ಯೆ: ಮೇಡಂ, ಆರ್‌ಎ ಫ್ಯಾಕ್ಟರ್ ಮುಂದಿನ ತಿಂಗಳು ಮಾಡಿಸಲಾ?

ಡಾಕ್ಟರ್: ಬೇಡ. ಮೇಲೆ ಹೇಳಿದ್ದೇನೆ, ಓದಿ.

ಮಂಡ್ಯದ ಸದಸ್ಯ: ಆಟೋ ಬಂತು ಮೇಡಂ, ಹೊರಟೆವು.

ಡಾಕ್ಟರ್: ಚೀಟಿ ತಗೊಂಡ್ರಾ? ಶಿರಸಿಯವರೇ, ಇನ್ನೊಂದು ಸಲ ಕಷಾಯ ಅಂದರೆ ಅಡ್ಮಿನ್‌ಗೆ ಹೇಳಿ ತೆಗೆಸ್ತೀನಿ.