ಮಸ್ಕತ್‌ಗೆ ಹೊಸಬರು, ಶುಕ್ರವಾರ-ಶನಿವಾರ ಎಲ್ಲಿ ಹೋಗೋಣ? ಅನುಭವ ಇದ್ದವರು ಹೇಳಿ

ಕೇಳಿದವರು: ಅಲ್ ಖುವೈರ್‌ನಿಂದ, ಊರು ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾವು ಆಗಸ್ಟ್‌ನಲ್ಲಿ ಮಸ್ಕತ್‌ಗೆ ಬಂದ್ವಿ. ಯಜಮಾನರು ಕೆಲಸಕ್ಕೆ ಹೋಗ್ತಾರೆ, ನಾನು ಮನೆಯಲ್ಲಿರ್ತೀನಿ, ಮಗಳು ಎರಡನೇ ಕ್ಲಾಸು. ಬಿಸಿಲಿಗೆ ಹೆದರಿ ಇಷ್ಟು ದಿನ ಶುಕ್ರ-ಶನಿವಾರದ ರಜೆ ಅಂದ್ರೆ ಮಾಲ್, ಹೈಪರ್‌ಮಾರ್ಕೆಟ್, ವಾಪಸ್ ಮನೆ. ಈಗ ನವೆಂಬರ್ ಬಂತು, ಸಂಜೆ ಹೊರಗೆ ನಿಲ್ಲೋ ಹಾಗಾಗಿದೆ. ಕಾರಿಲ್ಲ, ಯಜಮಾನರ ಲೈಸೆನ್ಸ್ ಇನ್ನೂ ಆಗಿಲ್ಲ. ಜನವರಿಯಲ್ಲಿ ಅತ್ತೆ-ಮಾವ ವಿಸಿಟ್ ವೀಸಾದಲ್ಲಿ ಬರ್ತಾರೆ, ಅತ್ತೆಗೆ ಮಂಡಿನೋವು. ಹುಡುಕಿದ್ರೆ ಸಿಗೋದೆಲ್ಲ ನಾಲ್ಕು ದಿನಕ್ಕೆ ಬಂದು ಹೋಗೋರ ಪಟ್ಟಿ. ಇಲ್ಲೇ ಸಂಸಾರ ಮಾಡ್ತಿರೋರು ನೀವು ಎಲ್ಲಿ ಹೋಗ್ತೀರಿ, ವಾರದ ದಿನಗಳಲ್ಲಿ ಏನು ಮಾಡ್ತೀರಿ, ದಯವಿಟ್ಟು ತಿಳಿಸಿ.

ರೂವಿಯಿಂದ, ಊರು ಉಡುಪಿ

ತಂಗೀ, ಮೊದಲು ಒಂದು ಮಾತು. ಕಾರು ಬರಲಿ, ಲೈಸೆನ್ಸ್ ಆಗಲಿ, ಆಮೇಲೆ ತಿರುಗುವ ಅಂತ ಕಾಯ್ಬೇಡಿ. ಹಾಗೆ ಕಾಯ್ತಾ ಎರಡು ಚಳಿಗಾಲ ಮನೆಯೊಳಗೇ ಕಳೆದವರನ್ನು ನಾನು ಕಂಡಿದ್ದೇನೆ. ಇಲ್ಲಿ ಹೊರಗೆ ತಿರುಗ್ಲಿಕ್ಕೆ ಆಗುವುದು ನವೆಂಬರಿನಿಂದ ಮಾರ್ಚ್‌ವರೆಗೆ, ಅಷ್ಟೇ. ಅದರಲ್ಲಿ ಒಂದು ವಾರವನ್ನೂ ಸುಮ್ಮನೆ ಬಿಡ್ಬಾರ್ದು.

ಕೆಂಪು ಬಣ್ಣದ ಮ್ವಾಸಲಾತ್ ಬಸ್ಸು ಉಂಟಲ್ಲ, ಅದರಲ್ಲಿ ರೂವಿಗೆ ಬನ್ನಿ, ಅಲ್ಲಿಂದ ಮತ್ರಾಕ್ಕೆ ಇನ್ನೊಂದು ಬಸ್ಸು. ಸಂಜೆ ನಾಲ್ಕೂವರೆಗೆ ಮತ್ರಾ ಕಾರ್ನಿಶ್‌ನಲ್ಲಿ, ಅಂದ್ರೆ ಸಮುದ್ರದ ಬದಿಯ ರಸ್ತೆಯಲ್ಲಿ, ಇಳಿದರೆ ಒಂದು ಬದಿ ಸಮುದ್ರ, ಇನ್ನೊಂದು ಬದಿ ಬಿಳಿ ಮನೆಗಳ ಸಾಲು, ಮೇಲೆ ಪೋರ್ಚುಗೀಸರ ಕಾಲದ ಕೋಟೆ. ಅಲ್ಲಿಂದ ರಿಯಾಮ್ ಪಾರ್ಕ್‌ವರೆಗೆ ಆರಾಮಾಗಿ ನಡೀಬಹುದು. ಗುಡ್ಡದ ಮೇಲೆ ದೊಡ್ಡ ಧೂಪದಾನಿ ಆಕಾರದ ಗೋಪುರ ಕಾಣ್ತದೆ, ಮಕ್ಕಳಿಗೆ ಅದೇ ಗುರುತು. ಸೂಕ್‌ನಲ್ಲಿ, ಅಂದ್ರೆ ಹಳೇ ಪೇಟೆಯಲ್ಲಿ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಹೆಚ್ಚಿನ ಅಂಗಡಿ ಮುಚ್ಚಿರ್ತವೆ. ಶುಕ್ರವಾರವಾದರೆ ಸಂಜೆಯೇ ಹೋಗಿ. ಏನೂ ಕೊಳ್ಳದೆ ಬರೀ ಆ ಗಲ್ಲಿಗಳಲ್ಲಿ ಲೋಬಾನದ ಹೊಗೆ ಮೂಸುತ್ತಾ ನಡೆದರೂ ಸಂಜೆ ಸಾರ್ಥಕ.

ನೀವು ಮೀನು ತಿನ್ನುವವರಾ ಗೊತ್ತಿಲ್ಲ. ತಿನ್ನದಿದ್ದರೂ ಒಮ್ಮೆ ಬೆಳಿಗ್ಗೆ ಮತ್ರಾದ ಮೀನು ಮಾರ್ಕೆಟ್ಟಿಗೆ ಹೋಗಿ. 2017ರಲ್ಲಿ ತೆರೆದ ಕಟ್ಟಡ ಅದು, ಅಲೆಯ ಹಾಗೆ ಬಾಗಿದ ಚಾವಣಿ. ಬೂತಾಯಿ, ಬಂಗುಡೆ, ಆಳೆತ್ತರದ ಗೆದರೆ, ಎಲ್ಲ ನಮ್ಮ ಮಲ್ಪೆಯಲ್ಲಿ ಕಂಡದ್ದೇ. ಅರಬ್ಬೀ ಸಮುದ್ರದ ಆಚೆ ದಡಕ್ಕೆ ಬಂದಿದ್ದೇವೆ ಅಷ್ಟೇ ಅಲ್ವಾ. ಅಂಜಲ್‌ಗೆ ಮಾತ್ರ ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ನಿಷೇಧ. ಈಗ ಸಿಗ್ತದೆ, ಕೊಯ್ದು ಕೊಡುವವರೂ ಅಲ್ಲೇ ಇರ್ತಾರೆ.

ವಾರದ ದಿನ ಅಂದ್ರೆ ನಮಗೆ ಕರಕ್ ಚಾ, ಹಾಲು ಹಾಕಿ ಗಟ್ಟಿಯಾಗಿ ಕುದಿಸಿದ ಚಾ. ಚಾ ಅಂಗಡಿ ಎದುರು ಕಾರು ನಿಲ್ಲಿಸಿದರೆ ಹುಡುಗ ಓಡಿ ಬರ್ತಾನೆ. ಕಾರಿಲ್ಲದವರಿಗೂ ಹೊರಗೆ ಕುರ್ಚಿ ಉಂಟು. ಬಿಸಿ ಪರೋಟದೊಳಗೆ ಚೀಸ್ ಸವರಿ, 'ಚಿಪ್ಸ್ ಓಮಾನ್' ಅನ್ನುವ ಇಲ್ಲಿನ ಆಲೂಗಡ್ಡೆ ಚಿಪ್ಸ್ ಪುಡಿ ಮಾಡಿ ಸುತ್ತಿ ಕೊಡ್ತಾರೆ. ನಿಮ್ಮ ಮಗಳಿಗೆ ಅದನ್ನೊಮ್ಮೆ ತಿನ್ನಿಸಿ, ಆಮೇಲೆ ವಾರ ವಾರ ಅವಳೇ ನಿಮ್ಮನ್ನು ಎಳ್ಕೊಂಡು ಹೋಗ್ತಾಳೆ.

ಅಲ್ ಅಮರಾತ್‌ನಿಂದ, ಊರು ಹುಬ್ಬಳ್ಳಿ

ಅಕ್ಕಾರ, ಲೈಸೆನ್ಸಿನ ಮಾತು ನಾ ಹೇಳ್ತೀನಿ. ರೆಸಿಡೆಂಟ್ ಕಾರ್ಡ್ ಬಂದ ಮ್ಯಾಲೆ ನಮ್ಮೂರ ಲೈಸೆನ್ಸ್ ನಡೆಂಗಿಲ್ಲ, ಇಲ್ಲಿ ಟೆಸ್ಟ್ ಕೊಡಾಕ ಬೇಕು. ಮೊದಲ ಡ್ರಮ್ ಟೆಸ್ಟ್, ಅಂದ್ರ ಡ್ರಮ್ಮುಗಳ ನಡುವ ಗಾಡಿ ಹಿಂದಕ್ಕ ತಗೊಂಡು ನಿಲ್ಲಸೂದು. ಆಮ್ಯಾಲೆ ಸ್ಲೋಪ್, ಕಡೀಕ ರೋಡ್ ಟೆಸ್ಟ್. ಊರಾಗ ಹತ್ತು ವರ್ಷ ಗಾಡಿ ಹೊಡದವ್ರೂ ಒಂದೆರಡು ಸಲ ಫೇಲ್ ಆಗ್ತಾರ, ಅದಕ್ಕ ಯಜಮಾನ್ರು ಎದಿಗುಂದೂದು ಬ್ಯಾಡ. ನೀವೂ ಜೊತಿಗೆ ಕಲೀರಿ. ಇಲ್ಲಿ ಹೆಣ್ಮಕ್ಕಳಿಗೆ ಕಲಸಾಕ ಹೆಣ್ಮಕ್ಕಳು ಟೀಚರ್ ಅದಾರ. ಪೆಟ್ರೋಲು ಲೀಟರಿಗೆ ಕಾಲು ರಿಯಾಲಿನ ಒಳಗ ಐತಿ. ಲೈಸೆನ್ಸ್ ಕೈಗೆ ಬಂದ ದಿನ ದೇಶಾನ ತೆರಕೊಂಡಂಗ ಆಗ್ತೈತಿ.

ಅಲ್ಲೀತನಕ ಓಟ್ಯಾಕ್ಸಿ ಆ್ಯಪ್ ಹಾಕ್ಕೊಳ್ರಿ. ಕುಟುಂಬ ಎರಡು-ಮೂರು ಸೇರಿ ಡ್ರೈವರ್ ಸಮೇತ ಒಂದು ವ್ಯಾನ್ ಹಿಡದ್ರ ದೂರದ ಜಾಗಾನೂ ತುಟ್ಟಿ ಬೀಳಂಗಿಲ್ಲ.

ನಮ್ಮ ಹುಡುಗ್ರು ಶುಕ್ರವಾರ ಮುಂಜಾನೆ ಕ್ರಿಕೆಟ್ ಆಡ್ತೇವಿ, ಹುಲ್ಲಿಲ್ಲದ ಮಣ್ಣಿನ ಬಯಲಾಗ, ಗುಡ್ಡದ ಬುಡಕ. ನಮ್ಮ ಅಮರಾತ್ ಕ್ರಿಕೆಟ್ ಗ್ರೌಂಡಿನಾಗ 2021ರ ಟಿ20 ವಿಶ್ವಕಪ್ಪಿನ ಮೊದಲ ಸುತ್ತಿನ ಮ್ಯಾಚ್ ಆಗ್ಯಾವ. ಓಮಾನ್ ತಂಡದಾಗ ನಮ್ಮ ದೇಶದಿಂದ ಬಂದು ಇಲ್ಲೇ ನೌಕರಿ ಮಾಡ್ಕೋತ ಆಡಿದ ಹುಡುಗ್ರು ಅದಾರ. ಯಜಮಾನ್ರಿಗೆ ಆಟದ ಹುಚ್ಚಿದ್ರ ಕಳಸ್ರಿ. ಗೆಳ್ಯಾರು ಸಿಗೂದು ಮಾಲಿನಾಗ ಅಲ್ಲ, ಇಂಥಲ್ಲೇ.

ಸೂರ್‌ನಿಂದ, ಊರು ಶಿವಮೊಗ್ಗ

ನಾನು ಇಲ್ಲಿ ನರ್ಸ್. ಮಸ್ಕತ್‌ನವರೆಲ್ಲ ವಾರಾಂತ್ಯಕ್ಕೆ ನಮ್ಮ ಕಡೆಯೇ ಬರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮಸ್ಕತ್-ಸೂರ್ ಹೆದ್ದಾರಿಯಲ್ಲಿ ಮೊದಲು ಸಿಗುವುದು ಬಿಮ್ಮಾ ಸಿಂಕ್‌ಹೋಲ್. ನಕ್ಷತ್ರ ಬಿದ್ದು ಆದ ಗುಂಡಿ ಎಂದು ಊರಿನವರ ಕಥೆ, ಹವಿಯತ್ ನಜ್ಮ್ ಎಂದು ಕರೆಯುವುದೂ ಅದಕ್ಕೇ. ನಿಜವಾಗಿ ಸುಣ್ಣಕಲ್ಲು ನೀರಿಗೆ ಕರಗಿ, ಮೇಲಿನ ಚಾವಣಿ ಕುಸಿದು ಆದದ್ದು. ತಳದಲ್ಲಿ ಹಸಿರು-ನೀಲಿ ನೀರಿದೆ. ಮೆಟ್ಟಿಲಿಳಿದು ಕಾಲು ಇಳಿಬಿಟ್ಟರೆ ಸಣ್ಣ ಮೀನುಗಳು ಬಂದು ಪಾದ ಕಚ್ಚುತ್ತವೆ. ನಿಮ್ಮ ಅತ್ತೆಯವರಿಗೆ ಆ ಮೆಟ್ಟಿಲು ಕಷ್ಟ. ಅವರು ಮೇಲಿನಿಂದಲೇ ನೋಡಬಹುದು, ಸುತ್ತ ಪಾರ್ಕ್ ಇದೆ, ಪ್ರವೇಶಕ್ಕೆ ದುಡ್ಡಿಲ್ಲ.

ಮುಂದೆ ತೀವಿ ಎಂಬ ಊರಿನ ಹತ್ತಿರ ವಾದಿ ಶಾಬ್, ಬೆಟ್ಟಗಳ ನಡುವಿನ ಹೊಳೆಯ ಕಣಿವೆ. ಹೆದ್ದಾರಿಯ ಸೇತುವೆಯ ಕೆಳಗೇ ದೋಣಿಯವರಿರುತ್ತಾರೆ. ಆಚೆ ದಡಕ್ಕೆ ದಾಟಿ, ಮುಕ್ಕಾಲು ಗಂಟೆ ಬಂಡೆಗಳ ಮೇಲೆ, ಫಲಜ್ ಕಾಲುವೆಯ ಅಂಚಿನಲ್ಲಿ ನಡೆಯಬೇಕು. ಕೊನೆಗೆ ಒಂದರ ಹಿಂದೊಂದು ನೀರಿನ ಮಡು. ಈಜು ಬರುವವರು ತಲೆಯಷ್ಟೇ ಹಿಡಿಸುವ ಬಿರುಕಿನಲ್ಲಿ ನುಸುಳಿದರೆ ಒಳಗೆ ಗುಹೆ, ಗುಹೆಯೊಳಗೆ ಜಲಪಾತ. ನಾನು ನೋಡಿದ ಜಾಗಗಳಲ್ಲಿ ಇದಕ್ಕೆ ಸಮನಾದದ್ದಿಲ್ಲ. ಆದರೆ ಎರಡನೇ ಕ್ಲಾಸಿನ ಮಗುವಿಗೆ, ಮಂಡಿನೋವಿನವರಿಗೆ ಇದು ಬೇಡ. ಅವರ ಜೊತೆ ವಾದಿ ಬನಿ ಖಾಲಿದ್‌ಗೆ ಹೋಗಿ. ಪಾರ್ಕಿಂಗ್‌ನಿಂದ ಸ್ವಲ್ಪವೇ ನಡೆದರೆ ದೊಡ್ಡ ಕೊಳ, ಖರ್ಜೂರದ ನೆರಳು, ಕೂರಲು ಜಾಗ. ಈಜುವವರು ಅಂಗಿ-ಚಡ್ಡಿ ಮೈತುಂಬ ಹಾಕಿಕೊಳ್ಳಬೇಕು, ಅದು ಹಳ್ಳಿಯವರ ನೀರು. ಅಲ್ಲಿ ಫೋಟೋ ತೆಗೆಯುವಾಗ ಓಮಾನಿ ಹೆಂಗಸರು ಚೌಕಟ್ಟಿನೊಳಗೆ ಬಾರದಂತೆ ನೋಡಿಕೊಳ್ಳಿ.

ಒಂದು ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ವಾದಿ ಎಂದರೆ ಒಣಗಿದ ಹೊಳೆಯ ಪಾತ್ರ. ನೀವು ನಿಂತ ಕಡೆ ಬಿಸಿಲಿದ್ದರೂ ಮೇಲಿನ ಬೆಟ್ಟದಲ್ಲಿ ಮಳೆಯಾದರೆ ಕೆಲವೇ ನಿಮಿಷದಲ್ಲಿ ಕೆಸರು ನೀರು ನುಗ್ಗುತ್ತದೆ. ಬೆಟ್ಟದಲ್ಲಿ ಮಣ್ಣಿಲ್ಲ, ಬರೀ ಬಂಡೆ, ಬಿದ್ದ ನೀರನ್ನು ಹೀರಿಕೊಳ್ಳುವುದೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಸಮದ್ ಅಲ್ ಶಾನ್ ಬಳಿ ಶಾಲೆ ಮಕ್ಕಳಿದ್ದ ವಾಹನವನ್ನೇ ಪ್ರವಾಹ ಎಳೆದೊಯ್ದಿತು. ಪಕ್ಕದ ಪ್ರಾಂತ್ಯದಲ್ಲಿ ಕೆಲಸ ಮಾಡುವ ನಮಗೆ ಆ ವಾರ ಮರೆಯಲಾಗದು. ಹರಿಯುವ ವಾದಿಗೆ ಗಾಡಿ ಇಳಿಸುವುದು ಇಲ್ಲಿ ಅಪರಾಧ ಕೂಡ. ಹೊರಡುವ ಹಿಂದಿನ ರಾತ್ರಿ ಹವಾಮಾನ ಇಲಾಖೆಯ ಸೂಚನೆ ನೋಡಿ, ಮೋಡವೆಂದರೆ ಪ್ರವಾಸ ಮುಂದೂಡಿ. ತುರ್ತಿಗೆ ಪೊಲೀಸ್ ನಂಬರ್ 9999.

ರಾಸ್ ಅಲ್ ಜಿನ್ಜ್ ಕಡಲತೀರದ ಆಮೆಗಳ ಬಗ್ಗೆಯೂ ಹೇಳಬೇಕು. ಹಸಿರು ಕಡಲಾಮೆಗಳು ಮೊಟ್ಟೆಯಿಡಲು ವರ್ಷವಿಡೀ ಬಂದರೂ ಹೆಚ್ಚು ಬರುವುದು ಬೇಸಿಗೆಯಲ್ಲಿ, ಮೇನಿಂದ ಸೆಪ್ಟೆಂಬರ್‌ವರೆಗೆ. ಗೈಡ್ ಜೊತೆಯಲ್ಲೇ ಹೋಗಬೇಕು, ಮೊದಲೇ ಬುಕ್ ಮಾಡಬೇಕು, ಫ್ಲ್ಯಾಶ್ ಹಾಕುವಂತಿಲ್ಲ. ಜನವರಿಯಲ್ಲಿ ಬಂದರೆ ಕಂಡರೆ ಕಂಡಿತು ಎಂಬ ಮನಸ್ಸಿನಲ್ಲಿ ಬನ್ನಿ. ಸೂರ್‌ನಲ್ಲಿ ಇನ್ನೂ ಮರದ ಧೌ ಹಡಗು ಕಟ್ಟುತ್ತಾರೆ, ಆ ಕಾರ್ಖಾನೆಯನ್ನು ನಿಮ್ಮ ಮಾವನವರಿಗೆ ತೋರಿಸಿ.

ಅಲ್ ಖುವೈರ್‌ನಿಂದ, ಊರು ದಾವಣಗೆರೆ

ಅಕ್ಕಾ, ವಾದಿ ವಿಷಯ ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಮುಂದಿನ ವಾರ ಯಾರದೋ ಜೊತೆ ಹೊರಡೋರಿದ್ವಿ, ಈಗ ಹವಾಮಾನ ನೋಡ್ಕೊಂಡೇ ಹೋಗ್ತೀವಿ. ಅತ್ತೆ-ಮಾವನಿಗೆ ಒಂದು ರಾತ್ರಿ ತಂಗೋ ಹಾಗೆ ಎಲ್ಲಾದ್ರೂ ಕರ್ಕೊಂಡು ಹೋಗಬೇಕು. ಮಾವ ರೈತರು, ಅಡಿಕೆ ತೋಟ ಇದೆ.

ನಿಜ್ವಾದಿಂದ, ಊರು ತುಮಕೂರು

ರೈತರು ಅಂದ್ರಲ್ಲ, ಹಾಗಾದ್ರೆ ನಿಜ್ವಾ ಬಿಟ್ಟು ಬೇರೆ ಯೋಚನೆ ಬೇಡಮ್ಮ. ಮಸ್ಕತ್‌ನಿಂದ ಎರಡು ಗಂಟೆ ದಾರಿ, ಮ್ವಾಸಲಾತ್ ಬಸ್ಸೂ ಇದೆ. ಗುರುವಾರ ರಾತ್ರಿ ಬಂದು ಉಳ್ಕೊಳ್ಳಿ, ಶುಕ್ರವಾರ ಬೆಳಿಗ್ಗೆ ಏಳಕ್ಕೆ ಕೋಟೆ ಪಕ್ಕದ ಸಂತೆಗೆ ಹೋಗಿ. ವೃತ್ತಾಕಾರದ ಕಟ್ಟೆ ಸುತ್ತ ಮೇಕೆ, ಕುರಿ, ಕರು ಹಿಡ್ಕೊಂಡು ಸುತ್ತು ಹಾಕಿಸ್ತಾರೆ. ಕೊಳ್ಳೋರು ಕೈಯಾಡಿಸಿ, ಹಲ್ಲು ನೋಡಿ, ಅಲ್ಲೇ ಕೂಗಿ ಬೆಲೆ ಹೇಳ್ತಾರೆ. ಒಂಬತ್ತರ ಹೊತ್ತಿಗೆ ಬಹುಪಾಲು ಮುಗಿದಿರುತ್ತೆ. ನನ್ನ ತಂದೆ ಬಂದಾಗ ಭಾಷೆ ಒಂದಕ್ಷರ ಗೊತ್ತಿಲ್ಲದೆ ಒಬ್ಬ ಓಮಾನಿ ಅಜ್ಜನ ಜೊತೆ ಮೇಕೆ ವಿಚಾರ ಅರ್ಧ ಗಂಟೆ ಮಾತಾಡಿದ್ರು. ಆ ಪ್ರವಾಸದಲ್ಲಿ ಅವರು ಊರಿಗೆ ಹೋಗಿ ಎಲ್ಲರಿಗೂ ಹೇಳಿದ್ದು ಅದೊಂದೇ.

ಆಮೇಲೆ ಫಲಜ್ ದಾರಿಸ್ ತೋರಿಸಿ. ನೆಲದಡಿ ನೀರನ್ನು ಪಂಪು-ಮೋಟರು ಇಲ್ಲದೆ ಬರೀ ಇಳಿಜಾರಿನಲ್ಲೇ ಹರಿಸಿ ತೋಟಕ್ಕೆ ತರೋ ಕಾಲುವೆ. ಸರದಿ ಪ್ರಕಾರ ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಅಂತ ಊರವರೇ ಹಂಚ್ಕೋತಾರೆ, ಹಿಂದೆ ಹಗಲು ನೆರಳು, ರಾತ್ರಿ ನಕ್ಷತ್ರ ನೋಡಿ ಅಳೀತಿದ್ರು. 2006ರಲ್ಲಿ ಇಂಥ ಐದು ಫಲಜ್‌ಗಳು ಯುನೆಸ್ಕೋ ಪಟ್ಟಿಗೆ ಸೇರಿದ್ವು. ತೋಟಗಾರರಿಗೆ ಕೋಟೆಗಿಂತ ಇದೇ ಹೆಚ್ಚು ಹಿಡಿಸುತ್ತೆ. ಕಟ್ಟೆ ಮೇಲೆ ಕೂತು ಕಾಲು ನೀರಿಗೆ ಬಿಟ್ಟರೆ ಅತ್ತೆಯವರ ಮಂಡಿಗೂ ಹಿತ.

ಜಬಲ್ ಅಖ್ದರ್ ಬೆಟ್ಟಕ್ಕೆ ಸಣ್ಣ ಕಾರಿನಲ್ಲಿ ಬಿಡಲ್ಲ, ಬಿರ್ಕತ್ ಅಲ್ ಮೌಜ್ ದಾಟಿದ ಮೇಲೆ ಪೊಲೀಸ್ ಚೆಕ್‌ಪೋಸ್ಟ್ ಇದೆ, ಫೋರ್ ವೀಲ್ ಡ್ರೈವ್ ಬೇಕು. ಮೇಲೆ ಸುಮಾರು 2000 ಮೀಟರ್ ಎತ್ತರ, ಜನವರಿಯಲ್ಲಿ ಸ್ವೆಟರ್ ಮರೀಬೇಡಿ. ಗುಲಾಬಿ ನೋಡೋ ಆಸೆ ಇದ್ರೆ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಬನ್ನಿ, ಆಗ ಮನೆಮನೆಯಲ್ಲಿ ಪನ್ನೀರು ಇಳಿಸ್ತಿರ್ತಾರೆ.

ಸಲಾಲಾದಿಂದ, ಊರು ಮಂಡ್ಯ

ಎಲ್ರೂ ಮಸ್ಕತ್ ಸುತ್ತಲೇ ತಿರುಗಿಸ್ತಿದ್ದಾರೆ, ದಕ್ಷಿಣದ ನಮ್ಮ ಸಲಾಲಾ ಮರೆತ್ರು. ಜೂನ್ 21ರಿಂದ ಸೆಪ್ಟೆಂಬರ್ 21ರವರೆಗೆ ಇಲ್ಲಿ ಖರೀಫ್, ಅಂದ್ರೆ ಮಳೆಗಾಲ. ನಮ್ಮ ಕರಾವಳಿಗೆ ಮಳೆ ತರೋ ಅದೇ ನೈಋತ್ಯ ಮಾರುತ ಈ ಬೆಟ್ಟಕ್ಕೆ ತಗುಲಿ ನಿಲ್ಲುತ್ತೆ. ಜಡಿಮಳೆ ಅಲ್ಲ, ದಿನವಿಡೀ ಮಂಜು, ತುಂತುರು. ಸಮುದ್ರದ ಕಡೆ ಮುಖ ಮಾಡಿದ ಇಳಿಜಾರೆಲ್ಲ ಹಸಿರು. ಬೆಟ್ಟ ದಾಟಿ ಥುಮ್ರೈತ್ ಕಡೆ ಇಳಿದ್ರೆ ಮತ್ತೆ ಒಣ ಮರಳು. ರಸ್ತೆ ಬದಿ ಬಾಳೆ, ಪರಂಗಿ, ಎಳನೀರು ಗುಡ್ಡೆ ಹಾಕಿರೋದು ನೋಡಿದ್ರೆ ಯಾರಿಗಾದ್ರೂ ಊರು ನೆನಪಾಗುತ್ತೆ.

ಮಸ್ಕತ್‌ನಲ್ಲಿ 45 ಡಿಗ್ರಿ ಇರುವಾಗ ಇಲ್ಲಿ 25ರ ಆಸುಪಾಸು. ಅದಕ್ಕೇ ಇಡೀ ಕೊಲ್ಲಿ ಇಲ್ಲಿಗೇ ಬರುತ್ತೆ, ರೂಮು ಬಾಡಿಗೆ ದುಪ್ಪಟ್ಟು. ನನ್ನ ಮಾತು ಕೇಳಿದ್ರೆ ಸೆಪ್ಟೆಂಬರ್ ಕೊನೆ ವಾರ ಬನ್ನಿ. ಮಂಜು ತೆರವಾಗಿರುತ್ತೆ, ಹಸಿರು ಹಾಗೇ ಇರುತ್ತೆ, ವಾದಿ ದರ್ಬಾತ್‌ನಲ್ಲಿ ನೀರಿರುತ್ತೆ, ಬಾಡಿಗೆ ಇಳಿದಿರುತ್ತೆ. ರಸ್ತೆಯಲ್ಲಿ ಸಾವಿರ ಕಿಲೋಮೀಟರ್, ಹೈಮಾ ಆಸುಪಾಸು ಗಂಟೆಗಟ್ಟಲೆ ಏನೂ ಇಲ್ಲದ ಬಯಲು. ರಾತ್ರಿ ಓಡಿಸಲೇಬೇಡಿ, ಒಂಟೆ ರಸ್ತೆ ಮೇಲೇ ನಿಂತಿರುತ್ತೆ. ಮಗು ಇದ್ರೆ ವಿಮಾನವೇ ವಾಸಿ. ಖರೀಫ್‌ನಲ್ಲಿ ಸಮುದ್ರಕ್ಕೆ ಕಾಲಿಡಬೇಡಿ, ಅಲೆ ಬಹಳ ಜೋರು.

ರೂವಿಯಿಂದ, ಊರು ಉಡುಪಿ

ದೇವಸ್ಥಾನದ ವಿಷಯ ಯಾರೂ ಹೇಳ್ಲಿಲ್ಲ. ಹಿರಿಯರು ಬಂದ್ರೆ ಮೊದಲು ಕೇಳುವುದೇ ಅದು. ಅಲ್ ಅಲಮ್ ಅರಮನೆ ಹತ್ತಿರ ಹಳೆಯ ಶಿವ ದೇವಸ್ಥಾನ ಉಂಟು, ಗುಜರಾತಿ ವ್ಯಾಪಾರಿಗಳ ಕಾಲದ್ದು. ದಾರ್ಸೇಟ್‌ನಲ್ಲಿ ಕೃಷ್ಣ ಮಂದಿರ. ಅಲ್ಲೇ ದಾರ್ಸೇಟ್‌ನ ಇಂಡಿಯನ್ ಸೋಷಿಯಲ್ ಕ್ಲಬ್‌ನಲ್ಲಿ ಒಂದೊಂದು ಭಾಷೆಯವರ ವಿಭಾಗ ಉಂಟು. ಊರಿನವರ ಮುಖ ಕಾಣ್ಲಿಕ್ಕೆ, ಮಗಳಿಗೆ ಕನ್ನಡ ಮಾತಾಡುವ ಮಕ್ಕಳು ಸಿಗ್ಲಿಕ್ಕೆ ಅದೇ ಸರಿಯಾದ ಜಾಗ. ಶಿವ ದೇವಸ್ಥಾನಕ್ಕೆ ಹೋದ ದಿನ ಅರಮನೆ ಎದುರಿನ ನ್ಯಾಷನಲ್ ಮ್ಯೂಸಿಯಮ್ಮನ್ನೂ ಮುಗಿಸಿ, ಒಳಗೆ ಎಸಿ, ಕೂರ್ಲಿಕ್ಕೆ ಜಾಗ.

ಅಲ್ ಖುವೈರ್‌ನಿಂದ, ಊರು ದಾವಣಗೆರೆ

ಈ ಶುಕ್ರವಾರ ಸಂಜೆ ಮತ್ರಾ ಖಚಿತ, ಜನವರಿಗೆ ನಿಜ್ವಾ. ಶನಿವಾರ ನಮ್ಮ ಮನೆಗೆ ಹತ್ತಿರದ ಗ್ರ್ಯಾಂಡ್ ಮಸೀದಿ ನೋಡೋಣ ಅಂತಿದ್ದೀವಿ. ನಮ್ಮನ್ನು ಒಳಗೆ ಬಿಡ್ತಾರಾ?

ರೂವಿಯಿಂದ, ಊರು ಉಡುಪಿ

ಬಿಡ್ತಾರೆ. ಬೇರೆ ಧರ್ಮದವರಿಗೆ ಶನಿವಾರದಿಂದ ಗುರುವಾರ, ಬೆಳಿಗ್ಗೆ 8ರಿಂದ 11 ಮಾತ್ರ. ಉದ್ದ ತೋಳಿನ ಸಲ್ವಾರ್, ತಲೆ ಪೂರ್ತಿ ಮುಚ್ಚುವ ಶಾಲು ಬೇಕು, ಯಜಮಾನರಿಗೆ ಪ್ಯಾಂಟು. ಶಾಲು ತೆಳ್ಳಗಿದ್ದರೆ ಅಲ್ಲೇ ಅಬಾಯಾ ಬಾಡಿಗೆಗೆ ಸಿಗ್ತದೆ. ಒಳಗಿನ ರತ್ನಗಂಬಳಿ 70 ಮೀಟರ್ ಉದ್ದ, 60 ಮೀಟರ್ ಅಗಲ, ಇರಾನಿನ ಹೆಂಗಸರು ನಾಲ್ಕು ವರ್ಷ ಕೈಯಲ್ಲಿ ನೇಯ್ದದ್ದು. ಹತ್ತೂವರೆಗೆ ಹೋದ್ರೆ ಸಾಲುವುದಿಲ್ಲ, ಒಂಬತ್ತರೊಳಗೆ ಅಲ್ಲಿರಿ.