ಗೆರೆ ಎಳೆದರೆ ಸಾಕಾ? (ಸಿವಿಲ್ ಬ್ಯಾಚ್ ಗುಂಪು)

*ಪ್ರಕಾಶ:* [ಫಾರ್ವರ್ಡ್] "ಅಮೆರಿಕದ ಪೋರ್ಟ್‌ಲ್ಯಾಂಡ್ ಊರ ಸುತ್ತ, ಇದರಾಚೆ ಊರು ಬೆಳೆಯಬಾರದು ಅಂತ ಗೆರೆ ಎಳೆದು ಮನೆ ಬೆಲೆ ಏರಿಸಿತು. ಸ್ಮಾರ್ಟ್ ಗ್ರೋತ್ (ಊರು ಹೊರಗೆ ಹರಡದೆ ಒಳಗೇ ಬೆಳೆಯಲಿ ಅನ್ನೋ ನೀತಿ) ಅಂದರೆ ಜನರ ಕಾರು ಕಿತ್ತುಕೊಳ್ಳುವ ಹುನ್ನಾರ. ಹೊರಗೆ ಬೇಕಾದಷ್ಟು ಜಾಗ ಇದೆ, ಕಟ್ಟಲು ಬಿಡಿ."

*ಪ್ರಕಾಶ:* ಜಾಗಕ್ಕೆ ಮಿತಿ ಹಾಕಿದ ಮೇಲೆ ಬೆಲೆ ಏರದೆ ಇರುತ್ತಾ? ಹೇಳಿ.

*ವಸುಧಾ:* ಅರ್ಧ ಮಾತ್ರ ನಿಜ. ಪೋರ್ಟ್‌ಲ್ಯಾಂಡ್ ಇರೋ ಆರೆಗಾನ್ ರಾಜ್ಯ 1973ರಲ್ಲಿ ಸೆನೆಟ್ ಬಿಲ್ 100 ಅನ್ನೋ ಭೂಬಳಕೆ ಯೋಜನೆಯ ಕಾನೂನು ತಂದಿತು, ಪೋರ್ಟ್‌ಲ್ಯಾಂಡ್ ಗೆರೆ ಬಂದದ್ದು 1979ರಲ್ಲಿ. ಮುಂದಿನ 20 ವರ್ಷದ ಮನೆಗಳಿಗೆ ಸಾಕಾಗುವ ಜಾಗ ಒಳಗಿರಲೇಬೇಕು, ಸಾಲದಿದ್ದರೆ ಗೆರೆ ಹಿಗ್ಗಿಸಬೇಕು ಅಂತ ಕಾನೂನಿದೆ. ಹಲವು ಸಲ ಹಿಗ್ಗಿಸಿಯೂ ಇದ್ದಾರೆ. ಎಡವಿದ್ದು ಒಳಗೆ. ವಸತಿ ಜಾಗದ ಬಹುಪಾಲಿನಲ್ಲಿ ನಿವೇಶನಕ್ಕೆ ಒಂದೇ ಮನೆ ಅನ್ನೋ ನಿಯಮ ಹಾಗೇ ಉಳೀತು. ಹೊರಗೂ ಬೀಗ, ಒಳಗೂ ಬೀಗ ಹಾಕಿದರೆ ಬೆಲೆ ಏರದೆ ಇನ್ನೇನಾಗುತ್ತೆ?

*ವಸುಧಾ:* ಒಳಗಿನ ಬೀಗ ತೆಗೆದದ್ದು 2019ರಲ್ಲಿ ಬಂದ ರಾಜ್ಯದ ಕಾನೂನು, ಹೆಸರು ಎಚ್‌ಬಿ (ಹೌಸ್ ಬಿಲ್) 2001. 10,000 ಜನಸಂಖ್ಯೆ ದಾಟಿದ ಊರುಗಳಲ್ಲಿ ಒಂಟಿ ಮನೆಯ ನಿವೇಶನದಲ್ಲಿ ಎರಡು ಮನೆ, 25,000 ದಾಟಿದಲ್ಲಿ ನಾಲ್ಕರವರೆಗೆ. ಅಂದರೆ ಗೆರೆ ಎಳೆದು 40 ವರ್ಷ ಆದ ಮೇಲೆ!

*ಪ್ರಕಾಶ:* ಅದೇ ನಾನು ಹೇಳೋದು. 40 ವರ್ಷ ಕಾಯೋ ಬದಲು ಹೊರಗೆ ಅಗ್ಗದ ಜಾಗದಲ್ಲಿ ಕಟ್ಟಿದ್ದರೆ ಆಗುತ್ತಿರಲಿಲ್ವಾ?

*ಶ್ರೀಧರ:* ಜಾಗ ಅಗ್ಗ, ಪೈಪು ಅಗ್ಗ ಅಲ್ಲ. ಲೆಕ್ಕ ಹಾಕು. ನಿವೇಶನದ ಮುಂಭಾಗ 80 ಅಡಿ, ರಸ್ತೆಯ ಎರಡೂ ಬದಿ ಮನೆ. ಒಂದು ಮನೆಯ ಪಾಲಿಗೆ 40 ಅಡಿ ಉದ್ದದ ರಸ್ತೆ, 40 ಅಡಿ ನೀರಿನ ಪೈಪು, 40 ಅಡಿ ಒಳಚರಂಡಿ. ಮುಂಭಾಗ 25 ಅಡಿ ಆದರೆ ತಲಾ ಹನ್ನೆರಡೂವರೆ ಅಡಿ. ಮೊದಲ ಸಲ ಇದನ್ನೆಲ್ಲ ಡೆವಲಪರ್ ಹಾಕಿಸಿ ಊರಿಗೆ ಒಪ್ಪಿಸಿ ಹೋಗ್ತಾನೆ, ಅದಕ್ಕೇ ಪುಕ್ಕಟೆ ಅನ್ನಿಸುತ್ತೆ. ಬದಲಿಸೋ ಕಾಲ ಬಂದಾಗ ಖರ್ಚೆಲ್ಲ ಊರಿನದು.

*ಶ್ರೀಧರ:* ಇನ್ನೊಂದು. ಅಮೆರಿಕದಲ್ಲಿ ನೀರಿನ ಪೈಪಿನ ಅಳತೆ ನಿರ್ಧಾರ ಆಗೋದು ಮನೆ ಬಳಕೆಯಿಂದಲ್ಲ, ಬೆಂಕಿ ಆರಿಸಲು ಬೇಕಾದ ಹರಿವಿನಿಂದ. ಅಲ್ಲಿ ಸಾಮಾನ್ಯವಾಗಿ 6 ಇಲ್ಲವೇ 8 ಇಂಚು. ಕೊನೆ ಮುಚ್ಚಿದ ಬೀದಿಯಲ್ಲಿ ನಾಲ್ಕೈದೇ ಮನೆ ಇದ್ದರೆ ನೀರು ಪೈಪಿನಲ್ಲೇ ನಿಂತು ಕ್ಲೋರಿನ್ ಇಳಿಯುತ್ತೆ. ಆಮೇಲೆ ಹೈಡ್ರಂಟ್ (ಬೆಂಕಿ ಆರಿಸಲು ಬೀದಿಯಲ್ಲಿ ಇಡೋ ನಲ್ಲಿ) ತೆರೆದು ಒಳ್ಳೆ ನೀರನ್ನೇ ಚರಂಡಿಗೆ ಬಿಡಬೇಕು. ನನಗೆ ಇದು ನೋಡೋಕಾಗಲ್ಲ.

*ಪ್ರಕಾಶ:* ಸರಿ, ಪೈಪಿನ ಲೆಕ್ಕ ಒಪ್ಪಿದೆ. ಕಾರಿನ ಮಾತು?

*ವಸುಧಾ:* ಕಾರು ಯಾರೂ ಕಿತ್ತುಕೊಳ್ಳಲ್ಲ. ಕಡ್ಡಾಯ ಪಾರ್ಕಿಂಗ್ ತೆಗೆಯೋದು, ಅಷ್ಟೇ. ಬೇಕಾದವರು ಕಟ್ಟಿಕೊಳ್ಳಲಿ. 100 ಚದರಡಿಗೆ ಒಂದು ಕಾರಿನ ಜಾಗ ಅಂತ ನಿಯಮ ಇದ್ದರೆ 2,000 ಚದರಡಿಯ ಹೋಟೆಲಿಗೆ 20 ಜಾಗ ಬೇಕು. ಕಾರು ನಿಲ್ಲೋದಕ್ಕೆ 9×18 ಅಡಿ, ಓಡಾಡೋ ದಾರಿ ಸೇರಿದರೆ ಒಂದಕ್ಕೆ ಹತ್ತಿರ ಹತ್ತಿರ 300 ಚದರಡಿ. ಊಟದ ಜಾಗದ ಮೂರು ಪಟ್ಟು ಡಾಂಬರು! ಹಳೇ ಪೇಟೆಯ ಕಿರಿದಾದ ನಿವೇಶನದಲ್ಲಿ ಇದು ಕೂರೋದೇ ಇಲ್ಲ, ಅಂಗಡಿ ಖಾಲಿ ಬೀಳುತ್ತೆ. ನ್ಯೂಯಾರ್ಕ್ ರಾಜ್ಯದ ಬಫಲೋ ನಗರ 2017ರಲ್ಲಿ ಈ ನಿಯಮವನ್ನು ತೆಗೆದು ಹಾಕಿತು.

*ಪ್ರಕಾಶ:* ಹಾಗಾದರೆ ಜನ ಯಾಕೆ ವಿರೋಧಿಸ್ತಾರೆ? 2004ರಲ್ಲಿ ಆರೆಗಾನ್ ಮತದಾರರೇ ಮೆಷರ್ 37 ಅನ್ನೋ ಜನಮತದ ಪ್ರಸ್ತಾವ ಗೆಲ್ಲಿಸಿದರಲ್ಲ. ಕೊಂಡ ಮೇಲೆ ಬಂದ ನಿಯಮದಿಂದ ಜಮೀನಿನ ಬೆಲೆ ಇಳಿದರೆ ಪರಿಹಾರ ಕೊಡಿ, ಇಲ್ಲ ನಿಯಮ ಬಿಡಿ ಅಂತ.

*ವಸುಧಾ:* ಪರಿಹಾರಕ್ಕೆ ದುಡ್ಡಿರಲಿಲ್ಲ, ನಿಯಮವನ್ನೇ ಬಿಡಬೇಕಾಯ್ತು. ಹೊಲಗಳ ನಡುವೆ ಬಡಾವಣೆ ಅರ್ಜಿಗಳು ಬಂದಾಗ ಅದೇ ಮತದಾರರು 2007ರಲ್ಲಿ ಮೆಷರ್ 49 ತಂದು ಬಹುತೇಕ ಅರ್ಜಿಗಳನ್ನು ಮೂರು ಮನೆಗೆ ಇಳಿಸಿದರು. ಆದರೆ ರೈತರ ಸಿಟ್ಟು ನ್ಯಾಯವೇ ಇತ್ತು ಅಂತ ನನಗನ್ನಿಸುತ್ತೆ. ಗೆರೆಯ ಈಚೆ ಇರೋನು ಶ್ರೀಮಂತ, ಆಚೆ ಇರೋನಿಗೆ ಏನೂ ಇಲ್ಲ.

*ಶ್ರೀಧರ:* ಮೇರಿಲ್ಯಾಂಡ್ 1997ರಲ್ಲಿ ಬೇರೆ ದಾರಿ ಹಿಡಿಯಿತು. ಗೊತ್ತುಪಡಿಸಿದ ಪ್ರದೇಶಕ್ಕಷ್ಟೇ ರಾಜ್ಯದ ದುಡ್ಡು. ಆದರೆ ಝೋನಿಂಗ್ (ಎಲ್ಲಿ ಏನು ಕಟ್ಟಬಹುದು ಅನ್ನೋ ನಿಯಮ) ಕೌಂಟಿಗಳ, ಅಂದರೆ ಜಿಲ್ಲೆಗಳಂಥ ಆಡಳಿತಗಳ ಕೈಯಲ್ಲೇ ಉಳೀತು. ಸ್ವಂತ ಬಾವಿ, ಸೆಪ್ಟಿಕ್ ಟ್ಯಾಂಕ್ ಇಟ್ಟುಕೊಂಡು ಎಕರೆಗಟ್ಟಲೆ ಜಾಗದಲ್ಲಿ ಕಟ್ಟೋನಿಗೆ ರಾಜ್ಯದ ಒಳಚರಂಡಿ ದುಡ್ಡು ಯಾಕೆ ಬೇಕು? ಸೋರಿಹೋಯ್ತು.

*ಪ್ರಕಾಶ:* ಟೆಕ್ಸಾಸ್‌ನ ಹ್ಯೂಸ್ಟನ್ ನೋಡಿ, ಝೋನಿಂಗೇ ಇಲ್ಲ.

*ಶ್ರೀಧರ:* ಕನಿಷ್ಠ ನಿವೇಶನದ ಅಳತೆ ಇತ್ತು, 5,000 ಚದರಡಿ. 1998ರಲ್ಲಿ ಒಳ ವರ್ತುಲ ರಸ್ತೆಯೊಳಗೆ 1,400ಕ್ಕೆ ಇಳಿಸಿದ ಮೇಲೆ ಹಳೇ ಒಂಟಿ ಮನೆ ಇದ್ದ ಕಡೆ ಮೂರು ಟೌನ್‌ಹೌಸ್ (ಒಂದಕ್ಕೊಂದು ತಾಗಿದ ಕಿರಿದಾದ ಮನೆ) ಎದ್ದವು. ಬೇಡ ಅನ್ನೋ ಬೀದಿಯವರಿಗೆ ಅರ್ಜಿ ಹಾಕಿ ಹೊರಗುಳಿಯೋ ಅವಕಾಶ ಕೊಟ್ಟರು. ಇಡೀ ಊರನ್ನು ಎದುರು ಹಾಕಿಕೊಳ್ಳಲಿಲ್ಲ, ಅದೇ ಜಾಣತನ.

*ಪ್ರಕಾಶ:* ಫಾರ್ವರ್ಡ್‌ನಲ್ಲಿ ಕಾರಿನ ಬಗ್ಗೆ ಇರೋ ಸಾಲು ತೆಗೆದು ಮತ್ತೆ ಕಳಿಸ್ತೀನಿ. ಬೆಲೆಯ ಸಾಲು ಬಿಡಲ್ಲ, "ಒಳಗೆ ಕಟ್ಟಲು ಬಿಡದೆ" ಅಂತ ಮೊದಲಿಗೆ ಸೇರಿಸ್ತೀನಿ.

*ವಸುಧಾ:* ಹಾಗೆ ಬರೆದರೆ ನಾನೂ ಕಳಿಸ್ತೀನಿ.