ಅಪ್‌ಡೇಟ್: ಹೊಳಲ್ಕೆರೆಯ ಹಿತ್ತಿಲಲ್ಲಿ ನಾಟಿ ಕೋಳಿಯ ಎರಡನೇ ಕಾವು

ಏಪ್ರಿಲ್‌ನಲ್ಲಿ ಕಾವಿಗೆ ಇಟ್ಟ 12 ಮೊಟ್ಟೆಗಳಲ್ಲಿ ಎರಡೇ ಮರಿಯಾದದ್ದೇಕೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಮೊಟ್ಟೆ ಹಳೆಯದಾಗಿರಬೇಕು ಎಂದ ಹಿರಿಯರ ಮಾತೇ ನಿಜವಾಯಿತು. ಚಿತ್ರದುರ್ಗ ಸೀಮೆಯ ಬೇಸಿಗೆಯಲ್ಲಿ, ತಗಡಿನ ಚಾವಣಿಯ ಕೆಳಗೆ 15 ದಿನ ಕೂಡಿಟ್ಟ ಮೊಟ್ಟೆಗಳನ್ನು ಕಾವಿಗೆ ಇಟ್ಟದ್ದು ನನ್ನದೇ ತಪ್ಪು.

ಈ ಸಲ ಮುಂಗಾರು ಹಿಡಿದು ಹವೆ ತಂಪಾದ ಮೇಲೆ, ಒಂದು ವಾರದೊಳಗಿನ 10 ಮೊಟ್ಟೆಗಳನ್ನು ಮಾತ್ರ ಆರಿಸಿ, ತೊಳೆಯದೆ, ಒಣಹುಲ್ಲು ಹಾಸಿದ ಬಿದಿರು ಬುಟ್ಟಿಯಲ್ಲಿ ಅದೇ ಕಂದು ಹೇಂಟೆಯ ಕೆಳಗಿಟ್ಟೆ. ಏಳನೆಯ ರಾತ್ರಿ ಕತ್ತಲೆ ಕೋಣೆಯಲ್ಲಿ ಅವನ್ನು ಒಂದೊಂದಾಗಿ ಮೊಬೈಲ್ ಟಾರ್ಚಿಗೆ ಹಿಡಿದಾಗ, ಎಂಟರಲ್ಲಿ ಜೇಡನ ಕಾಲುಗಳಂತೆ ಹರಡಿದ ಕೆಂಪು ನಾಳಗಳೂ ಅವುಗಳ ನಡುವೆ ಮಿಸುಕುವ ಕಪ್ಪು ಚುಕ್ಕೆಯೂ ಕಂಡವು. ಬರಿದಾಗಿದ್ದ ಎರಡನ್ನು ತೆಗೆದೆ. 21ನೆಯ ದಿನ ಏಳು ಮರಿಗಳು ಹೊರಬಂದವು. ಎಂಟನೆಯದು ಚಿಪ್ಪಿಗೆ ತೂತು ಮಾಡಿಯೂ ಹೊರಬರಲಾರದೆ ಸತ್ತಿತು. ಕೈಯಿಂದ ಬಿಡಿಸಬೇಕಿತ್ತೇ ಎಂಬ ಸಂಕಟ ಈಗಲೂ ಇದೆ.

ಕೋಳಿಗಳಲ್ಲಿ ಬೇಗ ಹರಡಿ ಕೊಲ್ಲುವ ಕೊಕ್ಕರೆ ರೋಗದ (ರಾಣಿಖೇತ್) ಮೊದಲ ಲಸಿಕೆಯನ್ನು ಮರಿಗಳಿಗೆ ಏಳನೆಯ ದಿನ, ಪಶುವೈದ್ಯರು ಹೇಳಿದಂತೆ, ಕಣ್ಣಿಗೆ ಒಂದೊಂದು ಹನಿ ಹಾಕಿಸಿದೆ; ಎಂಟನೆಯ ವಾರ ಚುಚ್ಚುಮದ್ದು ಕೊಡಿಸಬೇಕಿದೆ. ಹದ್ದಿನ ಕಾಟಕ್ಕೆ ಸದ್ಯ ಮರಿಗಳನ್ನು ಮಂಕರಿಯಡಿಯೇ ಬಿಡುತ್ತಿದ್ದೇನೆ.

ಇವೆಲ್ಲವೂ ಒಂದೇ ಹುಂಜದ ಮರಿಗಳಾದ್ದರಿಂದ, ಇವುಗಳಲ್ಲೇ ಮರಿ ಮಾಡಿಸಿದರೆ ತಳಿ ಸೊರಗುತ್ತದೆ. ಆದ್ದರಿಂದ ಚಳ್ಳಕೆರೆ ಕಡೆಯ ಪರಿಚಯದ ರೈತರೊಬ್ಬರಿಂದ ಬೋಳು ಕತ್ತಿನ ಹುಂಜವೊಂದನ್ನು ತರಲು ಮಾತಾಡಿದ್ದೇನೆ. ತಂದ ಮೇಲೆ ಎರಡು ವಾರ ಬೇರೆ ಗೂಡಿನಲ್ಲಿಟ್ಟು, ಕಾಯಿಲೆಯಿಲ್ಲವೆಂದು ಖಾತ್ರಿಯಾದ ನಂತರವೇ ಹಿಂಡಿಗೆ ಬಿಡುತ್ತೇನೆ.